ಕೆರೆ ತುಂಬಿದೆ, ಬೋರ್‌ವೆಲ್ ನೀರು ಕುಡಿಯಬಹುದಾ?

ಕೋಲಾರದ ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮದು ಕೋಲಾರ ತಾಲೂಕಿನ ಹಳ್ಳಿ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಕೆರೆ ಅಂಗಳದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಈಗ ಕೆ.ಸಿ. ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಯೋಜನೆ) ನೀರು ಬಂದು ಕೋಡಿ ಹರಿಯುತ್ತಿದೆ. ಬತ್ತಿ ಹೋಗಿದ್ದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂತು. ಮೋಟಾರ್ ಹಾಕಿದ ದಿನ ಅಪ್ಪ ಪೈಪಿನ ಬಾಯಿಗೆ ಕೈಯೊಡ್ಡಿ ಎಷ್ಟೋ ಹೊತ್ತು ಸುಮ್ನೆ ನಿಂತಿದ್ದರು. ಆದರೆ ಅಮ್ಮ ಆ ನೀರನ್ನು ಅಡುಗೆಗೆ ಮುಟ್ಟುವುದಿಲ್ಲ, ಬೆಂಗಳೂರಿನ ಚರಂಡಿ ನೀರು ಅಂತಾರೆ. ಅಮ್ಮನ ಮಾತು ಸರಿಯಾ? ಇನ್ನೊಂದು, ಪಕ್ಕದ ಹೊಲದವರು ರಾತ್ರಿ ಕೆರೆಗೇ ಪಂಪ್ ಇಡುತ್ತಾರೆ. ಹಾಗೆ ಮಾಡಬಹುದಾ?

ನೀರಗಂಟಿ ಮೊಮ್ಮಗ:
ಮೊದಲು ಪಂಪಿನ ವಿಷಯ. ಮಾಡಬಾರದು. ಈ ಯೋಜನೆ ಇರುವುದೇ ಕೆರೆ ತುಂಬಿಸಿ ನೀರು ನೆಲಕ್ಕೆ ಇಂಗಲಿ ಅಂತ. ದಿನಕ್ಕೆ 440 ದಶಲಕ್ಷ ಲೀಟರ್ ಲೆಕ್ಕದಲ್ಲಿ, 126 ಕೆರೆಗಳಿಗೆ ಅಂತ ಮಾಡಿದ್ದು. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು, ಅಲ್ಲಿಂದ ಒಂದು ತುಂಬಿ ಕೋಡಿ ಬಿದ್ದರೆ ಇನ್ನೊಂದಕ್ಕೆ. ನೀವು ಮೇಲಿನ ಕೆರೆಯಲ್ಲಿ ಎಳೆದರೆ ಕೆಳಗಿನ ಊರಿಗೆ ಹೋಗುವುದೇ ಇಲ್ಲ. ಮಣ್ಣಿನಲ್ಲಿ ಸೋಸಿ ಇಳಿಯದೆ ನೇರ ತರಕಾರಿಗೆ ಹೋಗುವುದೂ ಒಳ್ಳೆಯದಲ್ಲ. ನಮ್ಮ ತಾತ ತೂಬು ಎತ್ತುವ ಕಾಲದಲ್ಲಿ ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ಊರೇ ಲೆಕ್ಕ ಇಡುತ್ತಿತ್ತು. ಈಗ ಆ ಲೆಕ್ಕ ಇಡುವವರು ಬೇಕು.

ಬೇತಮಂಗಲದವ:
ಕೆಳಗಿನ ಊರು ಅಂದ್ರಲ್ಲ, ಅದು ನಮ್ಮದು. ಮೇಲೆ ಕೋಡಿ ಬಿತ್ತು ಅಂತ ಫೋನ್ ಬರುತ್ತೆ, ನಮ್ಮ ಕಾಲುವೆಯಲ್ಲಿ ಮಾತ್ರ ಹೂಳು ಮತ್ತು ಜಾಲಿ. ದಯವಿಟ್ಟು ಪಕ್ಕದವರಿಗೆ ಹೇಳಿ ಅಕ್ಕ.

ಮೂರನೇ ಹಂತ ಬೇಕು:
ನಿಮ್ಮ ಅಮ್ಮನ ಭಯ ಸುಳ್ಳಲ್ಲ. ಈ ನೀರು ಎರಡು ಹಂತ ಶುದ್ಧ ಆಗಿ ಬರುತ್ತೆ, ಸಾರಜನಕ, ರಂಜಕವನ್ನೂ ತೆಗೆಯುವ ಮೂರನೇ ಹಂತ ಬೇಕು ಅಂತ ಜಿಲ್ಲೆಯವರು ಮೊದಲಿನಿಂದಲೂ ಕೇಳುತ್ತಿದ್ದಾರೆ. 2018ರ ಜುಲೈನಲ್ಲಿ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತ್ತು. ಆಮೇಲೆ ಕೋರ್ಟಿಗೂ ಹೋಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟು ಏಪ್ರಿಲ್‌ನಲ್ಲಿ ತೆರವು ಮಾಡಿತು. ನಾನು ಯೋಜನೆ ನಿಲ್ಲಿಸಿ ಅನ್ನುವುದಿಲ್ಲ, ವರ್ಷವಿಡೀ ಹರಿಯುವ ನದಿಯೇ ಇಲ್ಲದ ಜಿಲ್ಲೆಗೆ ಇದು ದೊಡ್ಡ ಆಸರೆ. ಆದರೆ ಸಾರಜನಕ, ರಂಜಕ ಉಳಿದ ನೀರಲ್ಲಿ ಅಂತರಗಂಗೆ ಕಳೆ ಹೇಗೆ ಹಬ್ಬುತ್ತೆ ನೋಡಿದ್ದೀರಲ್ವಾ? ಬೆಂಗಳೂರು ಬಳಸಿ ಕೊಟ್ಟ ನೀರನ್ನು ಪೂರ್ತಿ ತೊಳೆದು ಕೊಡುವುದು ಸರ್ಕಾರದ ಹೊಣೆ, ನಮ್ಮ ಮೇಲೆ ಮಾಡುವ ಉಪಕಾರ ಅಲ್ಲ.

ನೀರಗಂಟಿ ಮೊಮ್ಮಗ:
ಒಪ್ಪಿದೆ. ಆದರೆ ಮೊದಲು 1,200 ಅಡಿ ಆಳದ ಬೋರ್‌ವೆಲ್‌ನಿಂದ ಎತ್ತುತ್ತಿದ್ದ ನೀರೂ ಒಳ್ಳೆಯದಾಗಿರಲಿಲ್ಲ, ನಮ್ಮ ಕಡೆ ಆಳದ ನೀರಲ್ಲಿ ಫ್ಲೋರೈಡ್ ಜಾಸ್ತಿ. ಅದಕ್ಕೇ ಊಹೆ ಬೇಡ, ಪರೀಕ್ಷೆ ಮಾಡಿಸಿ. ನೈಟ್ರೇಟ್ (ನೀರಲ್ಲಿ ಕರಗಿದ ಸಾರಜನಕದ ಒಂದು ರೂಪ) ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಫ್ಲೋರೈಡ್ 1.5. ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಅಲ್ಲಿವರೆಗೂ ಅಮ್ಮ ಕ್ಯಾನ್ ನೀರೇ ತರಲಿ.

ಕೋಲಾರದ ಮಗಳು:
ಪಕ್ಕದವರ ಹತ್ತಿರ ಅಪ್ಪನೇ ಮಾತಾಡುತ್ತಾರಂತೆ. ಸೋಮವಾರ ನೀರು ತಗೊಂಡು ಜಿಲ್ಲೆಯ ಲ್ಯಾಬಿಗೆ ಹೋಗುತ್ತೇನೆ. ಬಾಟಲಿ ಯಾವುದಾದರೂ ಆಗುತ್ತಾ?

ನೀರಗಂಟಿ ಮೊಮ್ಮಗ:
ಕ್ರಿಮಿ ಪರೀಕ್ಷೆಗೆ ಲ್ಯಾಬಿನವರದೇ ಬಾಟಲಿ ಕೇಳಿ ತನ್ನಿ. ಮೋಟಾರ್ ಹತ್ತು ನಿಮಿಷ ಓಡಿದ ಮೇಲೆ ಹಿಡಿಯಿರಿ, ಅವತ್ತೇ ಕೊಡಿ.