ಪ್ರಶ್ನೋತ್ತರ: ಡಯಟ್ ಮುಗೀತು, ಇಳಿದ ತೂಕ ಉಳಿಸ್ಕೊಳ್ಳೋದು ಹೇಗೆ?

ಪ್ರಶ್ನೆ (ಸದಸ್ಯೆ, ಹಾಸನ): ನಮಸ್ತೆ ಮೇಡಂ. ನನಗೆ 41 ವರ್ಷ. ಬಿಪಿ, ಶುಗರ್, ಥೈರಾಯ್ಡ್ ಯಾವುದೂ ಇಲ್ಲ. ಯುಗಾದಿ ಆದ್ಮೇಲೆ ಡಯಟ್ ಶುರು ಮಾಡಿ 76 ಕೆಜಿಯಿಂದ 66ಕ್ಕೆ ಬಂದೆ. ಅನ್ನ ಪೂರ್ತಿ ಬಿಟ್ಟಿದ್ದೆ, ರಾತ್ರಿ ಬರೀ ಹೆಸರುಬೇಳೆ ಕೋಸಂಬರಿ, ಮಜ್ಜಿಗೆ. ಗೌರಿ-ಗಣೇಶ ಹಬ್ಬಕ್ಕೆ ಅನ್ನ, ಕಡುಬು, ಪುಳಿಯೋಗರೆ ಎಲ್ಲಾ ತಿಂದೆ. ನಾಲ್ಕೇ ದಿನಕ್ಕೆ 1.6 ಕೆಜಿ ಜಾಸ್ತಿ ತೋರಿಸ್ತಿದೆ! ಎದೆ ಧಸಕ್ ಅಂತು. ಮತ್ತೆ ಡಯಟ್‌ಗೇ ಹೋಗ್ಲಾ? ಇನ್ನು ಜೀವನಪೂರ್ತಿ ಅನ್ನ ಮುಟ್ಟಲೇಬಾರದಾ? ಹಸಿವು ಬೇರೆ ಮೊದಲಿಗಿಂತ ಜಾಸ್ತಿ ಆಗಿದೆ.

ಉತ್ತರ (ಡಯಟೀಷಿಯನ್): ಮೊದಲು ಆ 1.6 ಕೆಜಿ ವಿಷಯ ಮುಗಿಸೋಣ. ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲರಿ ಹೆಚ್ಚುವರಿ ಬೇಕು. ನಿಮ್ಮ 1.6 ಕೆಜಿ ಪೂರ್ತಿ ಕೊಬ್ಬೇ ಆಗಿದ್ದರೆ, ನಾಲ್ಕು ದಿನವೂ ಮಾಮೂಲಿ ಊಟದ ಮೇಲೆ ದಿನಕ್ಕೆ 3,000 ಕ್ಯಾಲರಿ ತಿಂದಿರಬೇಕಿತ್ತು. ಎಷ್ಟೇ ಕಡುಬು ತಿಂದರೂ ಅಷ್ಟು ಸುಲಭವಿಲ್ಲ ಬಿಡಿ. ಅನ್ನ ಬಿಟ್ಟಾಗ ಲಿವರ್, ಸ್ನಾಯುಗಳಲ್ಲಿರೋ ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳೋ ಸಕ್ಕರೆ) ಇಳಿದುಹೋಗಿರುತ್ತೆ. ಮತ್ತೆ ಅನ್ನ ತಿಂದ ತಕ್ಷಣ ಅದು ತುಂಬಿಕೊಳ್ಳುತ್ತೆ, ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಬಂದು ಕೂರುತ್ತೆ. ಪುಳಿಯೋಗರೆ, ಹಪ್ಪಳ, ಉಪ್ಪಿನಕಾಯಿಯ ಉಪ್ಪು ಇನ್ನಷ್ಟು ನೀರು ಹಿಡಿಯುತ್ತೆ. ಮಾಮೂಲಿ ಊಟಕ್ಕೆ ಬಂದ ಒಂದು ವಾರದಲ್ಲಿ ಉಪ್ಪಿನ ನೀರು ಇಳಿಯುತ್ತೆ. ಗ್ಲೈಕೋಜನ್ ಪಾಲಿನ ಒಂದು ಕೆಜಿ ಆಸುಪಾಸು ಹಾಗೇ ಉಳಿಯುತ್ತೆ, ಉಳಿಯಲೂಬೇಕು. ಹಾಗಾಗಿ ನಿಮ್ಮ ನಿಜವಾದ ತೂಕ 67 ಅಂತಲೇ ಇಟ್ಟುಕೊಳ್ಳಿ. 66ರ ಹಿಂದೆ ಬೀಳಬೇಡಿ.

ಹಸಿವಿನ ಬಗ್ಗೆ ಹೇಳಿದ್ದು ಒಳ್ಳೇದಾಯ್ತು. ಎಷ್ಟೋ ಜನ ಅದನ್ನ ಬಾಯಿಚಪಲ ಅಂದ್ಕೊಂಡು ತಮ್ಮನ್ನ ತಾವೇ ಬೈಕೋತಾರೆ. ಮೆಲ್ಬರ್ನ್‌ನಲ್ಲಿ 10 ವಾರ ತೀರಾ ಕಡಿಮೆ ಕ್ಯಾಲರಿಯ ಡಯಟ್ ಮಾಡಿಸಿ ತೂಕ ಇಳಿಸಿದವರ ರಕ್ತವನ್ನ ವರ್ಷದ ನಂತರ ಮತ್ತೆ ಪರೀಕ್ಷಿಸಿದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಹಸಿವಿನ ಹಾರ್ಮೋನುಗಳು ಆಗಲೂ ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ವಿಜ್ಞಾನಿ ಕೆವಿನ್ ಹಾಲ್ ಅವರ ತಂಡ ಹಾಕಿದ ಲೆಕ್ಕದ ಪ್ರಕಾರ, ಇಳಿದ ಪ್ರತಿ ಕೆಜಿಗೆ ದೇಹದ ಖರ್ಚು ದಿನಕ್ಕೆ 20–30 ಕ್ಯಾಲರಿ ಕಡಿಮೆಯಾಗುತ್ತೆ, ಹಸಿವು ಮಾತ್ರ ಸುಮಾರು 100 ಕ್ಯಾಲರಿಯಷ್ಟು ಏರುತ್ತೆ. ಹತ್ತು ಕೆಜಿ ಇಳಿಸಿದ ನಿಮಗೆ ದಿನಕ್ಕೆ 200–300 ಕ್ಯಾಲರಿ ಕಡಿಮೆ ಸಾಕು. ಅಂದ್ರೆ 76 ಕೆಜಿ ಇದ್ದಾಗಿನ ಊಟದಲ್ಲಿ ಒಂದು ಮುದ್ದೆ ಕಮ್ಮಿ, ಅಷ್ಟೇ. ಕಷ್ಟ ಇರೋದು ಆ ಏರಿದ ಹಸಿವನ್ನ ಸಂಭಾಳಿಸೋದ್ರಲ್ಲಿ.

ಅದಕ್ಕೇ ಡಯಟ್‌ಗೆ ವಾಪಸ್ ಹೋಗಬೇಡಿ ಅನ್ನೋದು. ಬರೀ ಕೋಸಂಬರಿ ಮೇಲೆ ಎಷ್ಟು ದಿನ ರಾತ್ರಿ ಕಳೀತೀರಾ? ಮಧ್ಯಾಹ್ನ ಒಂದು ಬಟ್ಟಲು ಅನ್ನ ಸೇರಿಸಿ ಎರಡು ವಾರ ನೋಡಿ. ತೂಕ ನಿಂತಿದ್ದರೆ ರಾತ್ರಿ ಒಂದು ಚಪಾತಿ ಅಥವಾ ಅರ್ಧ ಮುದ್ದೆ. ಹೀಗೆ ಹಂತಹಂತವಾಗಿ ಏರಿಸಿದರೆ ಮೆಟಬಾಲಿಸಂ (ದೇಹ ಕ್ಯಾಲರಿ ಖರ್ಚು ಮಾಡೋ ರೀತಿ) ರಿಪೇರಿ ಆಗುತ್ತೆ ಅಂತ ಯೂಟ್ಯೂಬಲ್ಲಿ ಹೇಳ್ತಾರೆ, ಅದನ್ನ ನಾನು ಒಪ್ಪಲ್ಲ. ನಿಮ್ಮ ತೂಕ ಎಷ್ಟು ಊಟಕ್ಕೆ ನಿಲ್ಲುತ್ತೆ ಅಂತ ಗೊತ್ತಾಗುತ್ತೆ, ಲಾಭ ಅಷ್ಟೇ. ಪ್ರತಿ ಊಟದಲ್ಲೂ ಬೇಳೆ, ಕಾಳು, ಮೊಸರು ಅಥವಾ ಮೊಟ್ಟೆ ಇರಲಿ. ಹುಳಿಯ ತಿಳಿ ಮಾತ್ರ ಬಗ್ಗಿಸಿಕೊಂಡು ಬೇಳೆಯನ್ನ ಪಾತ್ರೆ ತಳದಲ್ಲೇ ಬಿಟ್ಟರೆ ಪ್ರೊಟೀನ್ ಎಲ್ಲಿಂದ ಬರಬೇಕು? ಸೌಟನ್ನ ತಳಕ್ಕೆ ಹಾಕಿ ತೆಗೀರಿ.

ಅದೇ ಸದಸ್ಯೆ: ತುಂಬಾ ಸಮಾಧಾನ ಆಯ್ತು ಮೇಡಂ. ಆದ್ರೆ ನಮ್ಮತ್ತೆ "ಸೊರಗಿ ಕಡ್ಡಿ ಆಗಿದ್ದೀಯ" ಅಂತ ಬಡಿಸ್ತಾನೇ ಇರ್ತಾರೆ. ಮುಂದೆ ದಸರಾ, ದೀಪಾವಳಿ, ಆಮೇಲೆ ಮದುವೆ ಸೀಸನ್ನು.

ಉತ್ತರ: ಬಡಿಸೋರಿಗೆ "ಬೇಡ" ಅಂದ್ರೆ ಉಪಚಾರ ಜಾಸ್ತಿಯಾಗುತ್ತೆ. "ಆಮೇಲೆ ಹಾಕಿಸ್ಕೋತೀನಿ ಅತ್ತೆ" ಅನ್ನಿ, ಮುಂದಕ್ಕೆ ಹೋಗ್ತಾರೆ. ಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಮುಗಿಸಿ, ಹೋಳಿಗೆ ಮನಸಾರೆ ತಿನ್ನಿ, ಅನ್ನ ಒಂದೇ ಸಲಕ್ಕೆ ನಿಲ್ಲಿಸಿ. ಹಬ್ಬದ ದಿನದಿಂದ ತೂಕ ಕೆಡೋದು ಕಡಿಮೆ, ಹಬ್ಬ ಮುಗಿದ ಮೇಲೆ ಹದಿನೈದು ದಿನ ಡಬ್ಬದಲ್ಲಿ ಉಳಿಯೋ ಚಕ್ಕುಲಿ, ರವೆ ಉಂಡೆಯಿಂದಲೇ ಜಾಸ್ತಿ. ಸ್ವಲ್ಪವೇ ಮಾಡಿ, ಇಲ್ಲ ಹಂಚಿಬಿಡಿ.

ಎಣ್ಣೆ ಲೆಕ್ಕ ಒಂದು ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಎನ್‌ಐಎನ್) 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲರಿಯ ದಿನದ ತಟ್ಟೆಗೆ ಎಣ್ಣೆ-ತುಪ್ಪ ಸೇರಿ 27 ಗ್ರಾಂ ಇದೆ. ತಲೆಗೆ ತಿಂಗಳಿಗೆ ಸುಮಾರು 800 ಗ್ರಾಂ ಆಯ್ತು. ನಾಲ್ಕು ಜನರ ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ ಬರುತ್ತೆ ಅಂತ ದಿನಸಿ ಚೀಟಿ ತೆಗೆದು ನೋಡಿ. ಅನ್ನದ ಮೇಲೆ ಹೊರಿಸೋ ತಪ್ಪು ಅರ್ಧಕ್ಕರ್ಧ ಅಲ್ಲೇ ಸಿಗುತ್ತೆ.

ಪ್ರಶ್ನೆ (ಸದಸ್ಯ, ಬೆಂಗಳೂರು): ಮೇಡಂ, ನಾನು ಡಾಕ್ಟರ್ ಸಲಹೆ ಮೇಲೆ ಹಸಿವು ಕಮ್ಮಿ ಮಾಡೋ ಸೆಮಾಗ್ಲುಟೈಡ್ ಇಂಜೆಕ್ಷನ್ ತಗೊಂಡು 14 ಕೆಜಿ ಇಳಿಸಿದೆ. ಖರ್ಚು ಜಾಸ್ತಿ, ಮುಂದಿನ ತಿಂಗಳಿಂದ ನಿಲ್ಲಿಸೋಣ ಅಂತ. ವಾಕಿಂಗ್ ಮಾಡಿದ್ರೆ ಸಾಕಲ್ವಾ?

ಉತ್ತರ: ಸಾಕಾಗೋದು ಕಷ್ಟ ಸರ್. ಇಂಜೆಕ್ಷನ್ ನಿಲ್ಲಿಸಿದವರನ್ನ ಒಂದು ವರ್ಷ ಗಮನಿಸಿದ ಅಧ್ಯಯನದಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ಸರಾಸರಿ ವಾಪಸ್ ಬಂದಿತ್ತು. ಅಡಗಿದ್ದ ಹಸಿವು ಎದ್ದು ಕೂರುತ್ತೆ. ಖರ್ಚಿನ ವಿಷಯ ಮುಚ್ಚಿಡದೆ, ಬರೆದುಕೊಟ್ಟ ಡಾಕ್ಟರಿಗೇ ಹೇಳಿ. ಶುಗರ್ ಇದ್ದರಂತೂ ನೀವಾಗಿ ನಿಲ್ಲಿಸಲೇಬೇಡಿ. ವಾಕಿಂಗ್ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ತೂಕ ಇಳಿಸುವಾಗ ಊಟದ ಪಾತ್ರ ದೊಡ್ಡದು, ಉಳಿಸುವಾಗ ನಡಿಗೆಯ ಪಾತ್ರ ದೊಡ್ಡದು. ಡಬ್ಲ್ಯುಎಚ್‌ಒ ವಾರಕ್ಕೆ 150ರಿಂದ 300 ನಿಮಿಷ ಅನ್ನುತ್ತೆ, ನೀವು 300ರ ಕಡೆ ನೋಡಿ. ಜೊತೆಗೆ ವಾರಕ್ಕೆ ಎರಡು ದಿನ ಡಂಬಲ್ಸ್, ಬಸ್ಕಿ, ಗೋಡೆ ಹಿಡಿದು ಪುಷಪ್, ಯಾವುದಾದ್ರೂ ಸರಿ.

ಪ್ರಶ್ನೆ (ಸದಸ್ಯೆ, ಶಿವಮೊಗ್ಗ): ನಂದು ತೂಕ ನಿಂತಿದೆ, ಆದ್ರೆ ಕೂದಲು ಮುಷ್ಟಿಗಟ್ಟಲೆ ಉದುರ್ತಿದೆ. ಎಣ್ಣೆ ಬದಲಾಯಿಸ್ಲಾ?

ಉತ್ತರ: ತಲೆಗೆ ಹಚ್ಚೋ ಎಣ್ಣೆಯಿಂದ ಇದು ನಿಲ್ಲಲ್ಲ. ಬೇಗ ತೂಕ ಇಳಿಸಿದರೆ ಎರಡು-ಮೂರು ತಿಂಗಳ ನಂತರ ಹೀಗೆ ಉದುರೋದು ಮಾಮೂಲು, ಊಟ ಸರಿಹೋದ ಮೇಲೆ ಮತ್ತೆ ಬರುತ್ತೆ. ಆದರೂ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ತೋರಿಸುತ್ತೆ), ಥೈರಾಯ್ಡ್ ಒಮ್ಮೆ ಪರೀಕ್ಷೆ ಮಾಡಿಸಿ. ಮುಟ್ಟು ಏರುಪೇರಾಗಿದ್ದರೆ ಡಾಕ್ಟರನ್ನ ಕಾಣೋದು ತಡ ಮಾಡಬೇಡಿ.

ಮೊದಲ ಸದಸ್ಯೆ: ಕೊನೇದು ಮೇಡಂ. ತೂಕ ದಿನಾ ನೋಡ್ಬೇಕಾ? ದಿನಾ ನೋಡಿದ್ರೆ ಮನಸ್ಸು ಕೆಡುತ್ತೆ.

ಉತ್ತರ: ಮನಸ್ಸು ಕೆಡುತ್ತೆ ಅಂದಮೇಲೆ ವಾರಕ್ಕೊಮ್ಮೆ ಸಾಕು. ಬೆಳಿಗ್ಗೆ ಟಾಯ್ಲೆಟ್‌ಗೆ ಹೋಗಿ ಬಂದು, ಕಾಫಿಗೆ ಮೊದಲು. ಕ್ಯಾಲೆಂಡರ್ ಮೇಲೆ ಬರೆದಿಡಿ. ನಿಮಗೆ ದಾಟಬಾರದ ಗೆರೆ 69 ಕೆಜಿ, ಅಂದ್ರೆ 67ಕ್ಕಿಂತ ಎರಡು ಕೆಜಿ ಮೇಲೆ. ಎರಡು ವಾರ ಸತತವಾಗಿ ದಾಟಿದರೆ ಸಂಜೆಯ ಕುರುಕಲು, ಕಾಫಿಯ ಸಕ್ಕರೆ, ಎಣ್ಣೆ ಇವಿಷ್ಟನ್ನ ಬಿಗಿ ಮಾಡಿ, ಊಟ ಬಿಡಬೇಡಿ. ಎರಡೇ ದಿನದಲ್ಲಿ ತೂಕ ಏರಿ ಕಾಲು ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಅದು ನನ್ನ ಹತ್ತಿರ ಬರೋ ವಿಷಯ ಅಲ್ಲ, ನೇರ ಡಾಕ್ಟರ್ ಹತ್ತಿರ ಹೋಗಿ. ಮೆಷಿನ್ ಚಾಪೆ ಮೇಲೆ ಇಡಬೇಡಿ, ತಪ್ಪು ತೋರಿಸುತ್ತೆ.