ಷರತ್ತಿಲ್ಲದೆ ದುಡ್ಡು ಕೊಟ್ರೆ ಬಡವರ ಮನೇಲಿ ನಿಜವಾಗ್ಲೂ ಏನು ಬದಲಾಗುತ್ತೆ?

ಪ್ರಶ್ನೆ

ಎಲ್ರಿಗೂ ನಮಸ್ಕಾರ. ಸ್ವಲ್ಪ ದಿನದಿಂದ ತಲೆ ಕೊರೀತಿರೋ ವಿಷ್ಯ ಇದು, ಓದ್ಕೊಂಡಿರೋರು ಹೇಳಿ. 2022ರಲ್ಲಿ ಅಮೆರಿಕದ ಬೇಬೀಸ್ ಫಸ್ಟ್ ಇಯರ್ಸ್ ಅನ್ನೋ ಸ್ಟಡಿ ದೊಡ್ಡ ಸುದ್ದಿ ಆಗಿತ್ತಲ್ಲ, ಬಡ ತಾಯಂದಿರಿಗೆ ತಿಂಗಳು ತಿಂಗಳು ದುಡ್ಡು ಕೊಟ್ರು, ಏನಕ್ಕೆ ಖರ್ಚು ಮಾಡಿದ್ರಿ ಅಂತ ಲೆಕ್ಕ ಕೇಳ್ಲಿಲ್ಲ, ಒಂದು ವರ್ಷಕ್ಕೆ ಮಕ್ಕಳ ಮೆದುಳಿನ ಚಟುವಟಿಕೇಲೇ ವ್ಯತ್ಯಾಸ ಕಾಣ್ತು ಅಂತ. ನಾನು ಆಗ ಸಿಕ್ಕಿದೋರಿಗೆಲ್ಲ ಅದನ್ನ ಹೇಳಿದ್ದೆ. ಈಗ ನೋಡಿದ್ರೆ 2025ರಲ್ಲಿ ಅದೇ ಮಕ್ಕಳಿಗೆ ನಾಲ್ಕು ವರ್ಷ ತುಂಬಿದಾಗಿನ ರಿಸಲ್ಟ್ ಬಂದಿದೆ, ಮಾತು, ಗಮನ, ನಡವಳಿಕೆ, ಮೆದುಳಿನ ಚಟುವಟಿಕೆ ಯಾವುದ್ರಲ್ಲೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ ಅಂತಿದಾರೆ.

ಓದಿ ಬೇಜಾರಾಯ್ತು. ನಾನು ಬೆಳೆದ ಮನೇಲಿ ತಿಂಗಳ ಕೊನೇ ವಾರ ಬಂತು ಅಂದ್ರೆ ಅಮ್ಮ ಮಾತೇ ಆಡ್ತಿರ್ಲಿಲ್ಲ, ಯಾರಿಗೆ ಎಷ್ಟು ಬಾಕಿ ಅಂತ ಬೆರಳು ಮಡಚಿ ಮಡಚಿ ಎಣಿಸ್ತಾ ಕೂತಿರ್ತಿದ್ಲು, ನಾವು ಏನಾದ್ರೂ ಕೇಳಿದ್ರೆ ಎರಡ್ನೇ ಸಲ ಕೂಗಿದ್ಮೇಲೆ ತಿರುಗಿ ನೋಡೋಳು. ಆ ಮನೆಗೆ ತಿಂಗಳಿಗೆ ಒಂದಿಷ್ಟು ದುಡ್ಡು ಬಂದಿದ್ರೆ ಏನೂ ಬದಲಾಗ್ತಿರ್ಲಿಲ್ಲ ಅಂತ ನಂಬೋಕೆ ನನ್ನ ಕೈಲಿ ಆಗ್ತಿಲ್ಲ. ಸ್ಟಡಿ ತಪ್ಪಾ, ನಾನು ತಪ್ಪಾ?

ಉತ್ತರ 1

ಸ್ಟಡಿ ತಪ್ಪಲ್ಲ, ನೀವೂ ತಪ್ಪಲ್ಲ. ನಾನು ಇದನ್ನ ಮೊದಲಿಂದ ಫಾಲೋ ಮಾಡ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

2018-19ರಲ್ಲಿ ನ್ಯೂಯಾರ್ಕ್, ನ್ಯೂ ಆರ್ಲಿಯನ್ಸ್, ಒಮಾಹಾ, ಟ್ವಿನ್ ಸಿಟೀಸ್ (ಮಿನಿಯಾಪೊಲಿಸ್-ಸೇಂಟ್ ಪಾಲ್) ಈ ನಾಲ್ಕು ಕಡೆ ಹೆರಿಗೆ ಆಗಿ ಇನ್ನೂ ಆಸ್ಪತ್ರೇಲೇ ಇದ್ದ 1000 ತಾಯಂದಿರನ್ನ ಸೇರಿಸ್ಕೊಂಡ್ರು. ಲಾಟರಿ ಎತ್ತಿದ ಹಾಗೆ 400 ಜನಕ್ಕೆ ತಿಂಗಳಿಗೆ 333 ಡಾಲರ್, ಉಳಿದ 600 ಜನಕ್ಕೆ 20 ಡಾಲರ್. ಒಂದು ಡೆಬಿಟ್ ಕಾರ್ಡ್ ಕೊಟ್ರು, ಪ್ರತಿ ತಿಂಗಳೂ ಮಗು ಹುಟ್ಟಿದ ತಾರೀಖಿಗೆ ಅದಕ್ಕೆ ದುಡ್ಡು ಬೀಳೋದು, ನಂಗೆ ಆ ಒಂದು ವಿವರ ತುಂಬಾ ಇಷ್ಟ.

ಈಗ 2022ರ ಸುದ್ದಿಗೆ ಬರೋಣ. ಮನೆ ಮನೆಗೆ ಹೋಗಿ ಮಗು ತಲೆಗೆ ಇಇಜಿ ಟೋಪಿ, ಅಂದ್ರೆ ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯೋ ಟೋಪಿ ಹಾಕಿ ಅಳೀತಿದ್ರು, ಅಷ್ಟ್ರಲ್ಲಿ ಕೋವಿಡ್ ಬಂತು, ಮನೆ ಭೇಟಿ ನಿಂತೋಯ್ತು, 1000ದಲ್ಲಿ 435 ಮಕ್ಕಳ ಲೆಕ್ಕ ಮಾತ್ರ ಸಿಕ್ತು. ಅದ್ರಲ್ಲಿ ಕಂಡ ವ್ಯತ್ಯಾಸ ಚಿಕ್ಕದು. ಹಲವು ಅಳತೆಗಳನ್ನ ಒಟ್ಟಿಗೆ ನೋಡಿದಾಗ ಯಾವ್ದೋ ಒಂದು ಆಕಸ್ಮಿಕವಾಗಿ ಎದ್ದು ಕಾಣೋ ಸಾಧ್ಯತೆ ಇರುತ್ತಲ್ಲ, ಅದಕ್ಕೆ ಬಿಗಿ ಮಾಡಿ ಲೆಕ್ಕ ಹಾಕಿದ್ರೆ ಅದು ನಿಲ್ತಿರ್ಲಿಲ್ಲ. ಪೇಪರ್‌ನಲ್ಲೇ ಅದನ್ನ ಬರೆದಿದ್ರು, ಹೆಡ್‌ಲೈನ್‌ಗಳು ಬರೀಲಿಲ್ಲ ಅಷ್ಟೆ. ಹಾಗಾಗಿ 2025ರಲ್ಲಿ ಆಗಿದ್ದು ಹಳೇ ರಿಸಲ್ಟ್ ಬಿದ್ದುಹೋಗಿದ್ದಲ್ಲ, ಅದು ಮೊದಲೇ ಗಟ್ಟಿ ಇರ್ಲಿಲ್ಲ ಅಂತ ಗೊತ್ತಾಗಿದ್ದು.

ಇನ್ನೊಂದು ಮಾತು. ಸ್ಟಡಿ ನಡೀವಾಗ್ಲೇ ಅಮೆರಿಕ ಸರ್ಕಾರ ಕೋವಿಡ್ ಪರಿಹಾರ ಅಂತ ಬಹುತೇಕ ಮನೆಗಳಿಗೆ ಚೆಕ್ ಕಳಿಸ್ತು, 2021ರಲ್ಲಿ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, ಅಂದ್ರೆ ಮಕ್ಕಳಿರೋ ಮನೆಗಳಿಗೆ ಕೊಡೋ ತೆರಿಗೆ ರಿಯಾಯ್ತಿ ಹೆಚ್ಚಿಸಿ ಆರು ತಿಂಗಳು ಪ್ರತಿ ಮಗುವಿಗೆ ತಿಂಗಳಿಗೆ 250-300 ಡಾಲರ್ ಹಾಕ್ತು. 20 ಡಾಲರ್ ಗುಂಪಿನ ಮನೆಗಳಿಗೂ ಅದು ಹೋಗಿರುತ್ತೆ. ಎರಡು ಗುಂಪಿನ ನಡುವಿನ ಅಂತರ ಕಡಿಮೆ ಕಂಡಿರೋದಕ್ಕೆ ಅದೂ ಕಾರಣ ಇರಬಹುದು, ಆದ್ರೆ ಅದೊಂದೇ ಕಾರಣ ಅಂತ ಹೇಳಿ ನುಣುಚಿಕೊಳ್ಳೋದು ಸರಿ ಅಲ್ಲ. 333 ಡಾಲರ್ ಸಿಕ್ಕ ತಾಯಂದಿರು ಮಕ್ಕಳ ಸಾಮಾನಿಗೆ ಜಾಸ್ತಿ ಖರ್ಚು ಮಾಡಿದ್ರು, ಮಕ್ಕಳ ಜೊತೆ ಓದೋದು ಆಡೋದು ಸ್ವಲ್ಪ ಜಾಸ್ತಿ ಆಯ್ತು, ಕುಡಿತ ಸಿಗರೇಟಿನ ಖರ್ಚು ಏರ್ಲಿಲ್ಲ. ಆದ್ರೆ ತಾಯಂದಿರ ಟೆನ್ಷನ್, ಖಿನ್ನತೆ ಕಡಿಮೆ ಆಗ್ಲಿಲ್ಲ. ನಿಮ್ಮ ಅಮ್ಮನ ವಿಷ್ಯ ಓದಿದ್ಮೇಲೆ ಇದನ್ನ ಹೇಳೋಕೆ ಕಷ್ಟ ಆಗುತ್ತೆ, ಆದ್ರೂ ಇರೋದು ಅದು.

ಉತ್ತರ 2

ಮೇಲಿನೋರು ಚೆನ್ನಾಗಿ ಬರೆದಿದಾರೆ. ನಂದು ಸ್ವಲ್ಪ ವಿರೋಧದ ಮಾತು, ತಪ್ಪು ತಿಳ್ಕೋಬೇಡಿ.

ದುಡ್ಡು ಕೊಟ್ರೆ ಜನ ಕೆಲ್ಸ ಬಿಡ್ತಾರೆ ಅನ್ನೋದನ್ನ ಎಲ್ರೂ ಸುಳ್ಳು ಅಂತ ತಳ್ಳಿಹಾಕ್ತಾರೆ, ಪೂರ್ತಿ ಸುಳ್ಳಲ್ಲ. ಟೆಕ್ಸಾಸ್, ಇಲಿನಾಯ್‌ನಲ್ಲಿ ಓಪನ್‌ರಿಸರ್ಚ್ ಅನ್ನೋ ಸಂಶೋಧನಾ ಸಂಸ್ಥೆಯೋರು 1000 ಜನಕ್ಕೆ ತಿಂಗಳಿಗೆ 1000 ಡಾಲರ್, ಮೂರು ವರ್ಷ ಕೊಟ್ರು, ಇನ್ನೊಂದು 2000 ಜನಕ್ಕೆ 50 ಡಾಲರ್. 2024ರಲ್ಲಿ ರಿಸಲ್ಟ್ ಬಂತು. ಜಾಸ್ತಿ ದುಡ್ಡು ಪಡೆದೋರಲ್ಲಿ ಕೆಲ್ಸದಲ್ಲಿರೋರ ಪ್ರಮಾಣ ಸುಮಾರು 2 ಪರ್ಸೆಂಟೇಜ್ ಪಾಯಿಂಟ್ ಕಡಿಮೆ, ವಾರಕ್ಕೆ ಒಂದೂಕಾಲು ಗಂಟೆ ಚಿಲ್ಲರೆ ದುಡಿಮೆ ಕಡಿಮೆ, ಕೊಟ್ಟ ದುಡ್ಡು ಬಿಟ್ಟು ಸ್ವಂತ ಸಂಪಾದನೆ ವರ್ಷಕ್ಕೆ ಸುಮಾರು 1500 ಡಾಲರ್ ಕಡಿಮೆ. ಮನಸ್ಸಿನ ಒತ್ತಡ ಮೊದಲ ವರ್ಷ ಇಳೀತು, ಆಮೇಲೆ ಮತ್ತೆ ಮೊದಲಿದ್ದಲ್ಲಿಗೇ ಬಂತು. ಮನೆ ಮುಳುಗೋ ಅಷ್ಟಲ್ಲ ಒಪ್ತೀನಿ, ಆದ್ರೆ ಇದೆ, ಇದನ್ನ ಮುಚ್ಚಿಟ್ಟು ವಾದ ಮಾಡಿದ್ರೆ ನಾಳೆ ಯಾರೂ ನಂಬಲ್ಲ.

ಅದೇ ಸ್ಟಡೀಲಿ ನಂಗೆ ಮನಸ್ಸಿಗೆ ತಟ್ಟಿದ್ದು ಅಂದ್ರೆ ಜನ ಬೇರೆಯವರಿಗೆ ಕೊಡೋದು 26% ಜಾಸ್ತಿ ಆಯ್ತು, ನೆಂಟರಿಗೆ, ಕಷ್ಟದಲ್ಲಿರೋ ಫ್ರೆಂಡ್ಸ್‌ಗೆ. ತಾವೇ ಇಲ್ಲದೋರು.

ಉತ್ತರ 3

ಎಲ್ರೂ ಅಮೆರಿಕದ್ದೇ ಹೇಳ್ತಿದೀರಲ್ಲ, ಕೀನ್ಯಾದ್ದು ನೋಡಿ. ಅಲ್ಲಿ ಸಿಯಾಯಾ ಕೌಂಟೀಲಿ ಗಿವ್‌ಡೈರೆಕ್ಟ್ಲಿ ಸಂಸ್ಥೆಯೋರು 653 ಹಳ್ಳಿಗಳನ್ನ ತಗೊಂಡು, ಅದ್ರಲ್ಲಿ ಲಾಟ್ ಎತ್ತಿ ಸುಮಾರು 10,500 ಮನೆಗಳಿಗೆ ತಲಾ 1000 ಡಾಲರ್ ಕೊಟ್ರು. ಯಾರು ಬಡವರು ಅಂತ ಹೇಗೆ ಗುರುತಿಸಿದ್ರು ಗೊತ್ತಾ, ಮನೆ ಮೇಲೆ ಹುಲ್ಲಿನ ಮಾಡು ಇದ್ರೆ ಅವ್ರು ಅರ್ಹರು, ಅಷ್ಟೇ, ಬೇರೆ ಅರ್ಜಿ ಗಿರ್ಜಿ ಇಲ್ಲ. ಅದೇ ಸಂಸ್ಥೆ ಇದಕ್ಕೂ ಮೊದಲು ಕೀನ್ಯಾದ್ದೇ ರಾರಿಯೆಡಾ ಅನ್ನೋ ಕಡೆ ಕೊಟ್ಟಾಗ ಜನ ಮಾಡಿದ ಮುಖ್ಯ ಖರ್ಚುಗಳಲ್ಲಿ ಒಂದು ಆ ಮಾಡಿಗೆ ತಗಡು ಹೊದಿಸಿದ್ದು. ಹುಲ್ಲು ಅಂದ್ರೆ ಆಗಾಗ ಬದಲಾಯಿಸ್ತಾನೇ ಇರ್ಬೇಕು, ಪ್ರತಿ ಸಲ ಹುಲ್ಲಿಗೂ ದುಡ್ಡು, ಕೆಲ್ಸಕ್ಕೂ ದುಡ್ಡು, ಮಳೇಲಿ ಸೋರೋದು ಬೇರೆ. ತಗಡು ಒಂದ್ಸಲ ಹಾಕಿದ್ರೆ ವರ್ಷಗಟ್ಲೆ ಆ ಖರ್ಚಿಲ್ಲ. ಹೊರಗಿನೋರು ನೋಡಿ ಮನೆ ಚೆಂದ ಮಾಡ್ಕೊಂಡ್ರು ಅನ್ನಬಹುದು, ಅವ್ರು ಮಾಡಿದ್ದು ಉಳಿತಾಯ.

ರಾರಿಯೆಡಾದಲ್ಲೇ ಇನ್ನೊಂದು ಕಂಡಿದ್ದು, ತಿಂಗಳು ತಿಂಗಳು ಕೊಟ್ಟ ಮನೆಗಳಲ್ಲಿ ಊಟಕ್ಕೆ ಕೊರತೆ ಕಡಿಮೆ ಆಯ್ತು, ಒಂದೇ ಗಂಟಾಗಿ ಕೊಟ್ಟಲ್ಲಿ ಬಾಳಿಕೆ ಬರೋ ವಸ್ತುಗಳಿಗೆ ಹೋಯ್ತು. ದುಡ್ಡು ಅಷ್ಟೇ ಆದ್ರೂ ಕೊಡೋ ರೀತಿಗೆ ತಕ್ಕ ಹಾಗೆ ಫಲ ಬೇರೆ.

ಸಿಯಾಯಾದಲ್ಲಿ ಊರಿಗೆ ಹೊಸದಾಗಿ ಬಂದ ಒಂದೊಂದು ಡಾಲರ್‌ಗೆ ಅಲ್ಲಿನ ವ್ಯವಹಾರ ಸುಮಾರು ಎರಡೂವರೆ ಡಾಲರ್ ಬೆಳೀತು, ದುಡ್ಡು ಸಿಗದ ಪಕ್ಕದ ಮನೆಯೋರಿಗೂ ಲಾಭ ಆಯ್ತು, ಬೆಲೆ ಏರಿದ್ದು ಸರಾಸರಿ 0.1% ಅಷ್ಟೆ. ಆಮೇಲೆ 2025ರಲ್ಲಿ ಅದೇ ಹಳ್ಳಿಗಳ ಮಕ್ಕಳ ಸಾವಿನ ಲೆಕ್ಕ ತೆಗೆದ್ರು. ಒಂದು ವರ್ಷದೊಳಗಿನ ಮಕ್ಕಳ ಸಾವು ಹತ್ರ ಹತ್ರ ಅರ್ಧಕ್ಕೆ ಇಳಿದಿತ್ತು. ಯಾಕೆ ಅಂದ್ರೆ ಹೆಂಗಸ್ರು ಆಸ್ಪತ್ರೇಲಿ ಹೆರಿಗೆ ಮಾಡಿಸ್ಕೊಂಡ್ರು, ಕೊನೇ ಮೂರು ತಿಂಗಳು ಮತ್ತೆ ಬಾಣಂತನದಲ್ಲಿ ದುಡಿಯೋದು ಕಡಿಮೆ ಮಾಡಿದ್ರು. ಅದೂ ಡಾಕ್ಟರ್ ಇರೋ ಆಸ್ಪತ್ರೆ ಹತ್ರ ಇದ್ದಲ್ಲಿ ಪರಿಣಾಮ ಜಾಸ್ತಿ, ಇಲ್ಲದ ಕಡೆ ಅಷ್ಟಿಲ್ಲ. ಉತ್ತರ 2ರೋರಿಗೆ ನನ್ನ ಮಾತು ಇಷ್ಟೇ ಸರ್, ದುಡಿಮೆ ಗಂಟೆ ಕಡಿಮೆ ಆಯ್ತು ಅಂತ ನಷ್ಟದ ಕಡೆ ಬರೀತೀವಲ್ಲ, ಆ ಗಂಟೆ ಯಾರದ್ದು, ಯಾವಾಗಿನದ್ದು ಅಂತ ಮೊದಲು ಕೇಳ್ಬೇಕು. ತುಂಬಿದ ಬಸುರಿ ಕೆಲ್ಸಕ್ಕೆ ಹೋಗ್ದೇ ಮನೇಲಿರೋದೂ ಅದೇ ಲೆಕ್ಕಕ್ಕೆ ಬರುತ್ತೆ.

ಉತ್ತರ 2 (ಮತ್ತೆ)

ಒಪ್ಪಿದೆ, ಹಾಗೆ ಯೋಚಿಸಿರ್ಲಿಲ್ಲ. ಆದ್ರೆ ಕೀನ್ಯಾದಲ್ಲಿ 1000 ಡಾಲರ್ ಒಂದು ಮನೆಗೆ ಎಷ್ಟು ದೊಡ್ಡ ಮೊತ್ತ, ನ್ಯೂಯಾರ್ಕ್‌ನಲ್ಲಿ 333 ಎಷ್ಟು ಚಿಕ್ಕದು, ಬಾಡಿಗೆ ಕಟ್ಟಿದ್ರೆ ಮುಗೀತು. ಒಂದನ್ನ ತೋರಿಸಿ ಇನ್ನೊಂದರ ಬಗ್ಗೆ ತೀರ್ಪು ಕೊಡೋಕೆ ಬರಲ್ಲ ಅನ್ನೋದ್ರಲ್ಲಿ ನಾನು ಗಟ್ಟಿ.

ಉತ್ತರ 1 (ಮತ್ತೆ)

ಮೊತ್ತದ ಜೊತೆ ಕಾಲಾವಧೀನೂ ಸೇರಿಸಿ. ಅಮೆರಿಕದ ನಾರ್ತ್ ಕೆರೊಲಿನಾದ ಚೆರೋಕಿ ಅನ್ನೋ ಮೂಲನಿವಾಸಿ ಸಮುದಾಯಕ್ಕೆ 1996ರಿಂದ ಅವ್ರ ಕ್ಯಾಸಿನೋ ಲಾಭದ ಪಾಲು ಪ್ರತಿ ವರ್ಷ ಬರ್ತಿದೆ, ಮುಂದಿನ ವರ್ಷ ಬರುತ್ತೋ ಇಲ್ವೋ ಅನ್ನೋ ಭಯ ಇಲ್ಲ. ಅಲ್ಲಿ ತೀರಾ ಬಡ ಮನೆಗಳ ಮಕ್ಕಳು 21ನೇ ವಯಸ್ಸಿಗೆ ಒಂದು ವರ್ಷ ಜಾಸ್ತಿ ಓದಿದ್ರು, ಹದಿಹರೆಯದಲ್ಲಿ ಸಣ್ಣಪುಟ್ಟ ಅಪರಾಧಕ್ಕೆ ಸಿಕ್ಕಿಬೀಳೋದೂ ಕಡಿಮೆ ಆಯ್ತು. ಬಡತನದಿಂದ ಹೊರಗೆ ಬಂದ ಮನೆಗಳಲ್ಲಿ ಮಕ್ಕಳ ಹಠ, ಜಗಳ ಕಡಿಮೆ ಆಗಿದ್ದಕ್ಕೆ ಅಪ್ಪ ಅಮ್ಮನಿಗೆ ಮಕ್ಕಳ ಮೇಲೆ ಕಣ್ಣಿಡೋಕೆ ಟೈಮ್ ಸಿಕ್ಕಿದ್ದು ದೊಡ್ಡ ಕಾರಣ ಅಂತ ಸಂಶೋಧಕರು ಕಂಡ್ರು. ಇದೆಲ್ಲ ನಾಲ್ಕನೇ ವರ್ಷದ ಪರೀಕ್ಷೇಲಿ ಕಾಣೋ ಅಂಥದ್ದಲ್ಲ. ಬೇಬೀಸ್ ಫಸ್ಟ್ ಇಯರ್ಸ್ ಮಕ್ಕಳು ಇನ್ನೂ ಚಿಕ್ಕೋರು, ನಾನಂತೂ ಕಾಯ್ತೀನಿ.

ಪ್ರಶ್ನೆ ಕೇಳಿದವರು

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರೀತೀರಿ ಅಂದ್ಕೊಂಡಿರ್ಲಿಲ್ಲ. ನಿನ್ನೆ ಅಮ್ಮನಿಗೆ ಫೋನ್ ಮಾಡಿದಾಗ ಕೇಳ್ದೆ, ಆಗ ತಿಂಗಳಿಗೆ ಇಂತಿಷ್ಟು ಅಂತ ದುಡ್ಡು ಬಂದಿದ್ರೆ ಏನ್ ಮಾಡ್ತಿದ್ದೆ ಅಂತ. ನಮ್ಮ ಓದಿನ ಬಗ್ಗೆ ಏನಾದ್ರೂ ಹೇಳ್ತಾಳೆ ಅಂದ್ಕೊಂಡಿದ್ದೆ. ತಮ್ಮ ಹೊಟ್ಟೇಲಿದ್ದಾಗ ಕೊನೇ ಎರಡು ತಿಂಗಳು ಕೆಲ್ಸಕ್ಕೆ ಹೋಗ್ತಿರ್ಲಿಲ್ಲ ಅಂದ್ಲು. ಉತ್ತರ 3ರೋರೇ, ಆ ಕೀನ್ಯಾದ ಪೇಪರ್ ಪೂರ್ತಿ ಓದ್ತೀನಿ, ಓದಿ ಅರ್ಥ ಆಗದಿದ್ದನ್ನ ಇಲ್ಲೇ ಕೇಳ್ತೀನಿ.