‘ಕೈಂಡ್ಲಿ ರಿವರ್ಟ್’ ಅಂದ್ರೆ ಉತ್ತರ ಕೊಡಿ ಅಂತಾನಾ, ಹಳೇದಕ್ಕೆ ವಾಪಸ್ ಹೋಗಿ ಅಂತಾನಾ?

ಡೆನಿಮ್_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಬಿಲ್ಲಿಂಗ್, ಡಿಸ್ಪ್ಯಾಚ್ ಎರಡೂ ನಾನೇ ನೋಡಿಕೊಳ್ಳುತ್ತೇನೆ. ಓದಿದ್ದು ಪಿಯುಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ.

ಹೋದ ತಿಂಗಳು ಹೊರರಾಜ್ಯದ ಒಂದು ಪಾರ್ಟಿದು 1,200 ಪೀಸ್ ಆರ್ಡರ್ ಇತ್ತು. ಬಟ್ಟೆ ರೇಟ್ ಏರಿತ್ತು, ಅದಕ್ಕೆ ಪೀಸಿಗೆ 360 ಇದ್ದದ್ದನ್ನ 385 ಮಾಡಿ ಕೊಟೇಶನ್ ಕಳಿಸಿದ್ವಿ. ಅವರ ಮೇಲ್ ಬಂತು: ‘ರಿವೈಸ್ಡ್ ರೇಟ್ ರಿಸೀವ್ಡ್. ವಾಷಿಂಗ್ ಇನ್‌ಕ್ಲೂಡೆಡ್? ಕೈಂಡ್ಲಿ ರಿವರ್ಟ್.’ ಮಾಲೀಕರು ಊರಲ್ಲಿರಲಿಲ್ಲ. ಮೊಬೈಲ್‌ನಲ್ಲಿ ಡಿಕ್ಷನರಿ ತೆಗೆದು ನೋಡಿದೆ. ‘ಹಿಂದಿನ ಸ್ಥಿತಿಗೆ ಮರಳು’ ಅಂತ ಇತ್ತು. ಹೊಸ ರೇಟ್ ಒಪ್ಪಿಗೆ ಇಲ್ಲ, ಹಳೇ ರೇಟಿಗೇ ಕೊಡಿ ಅಂತಿದ್ದಾರೆ ಅಂದುಕೊಂಡು 360ಕ್ಕೇ ಬಿಲ್ ಮಾಡಿ ಮಾಲು ಲೋಡ್ ಮಾಡಿಸಿಬಿಟ್ಟೆ. ಪೀಸಿಗೆ 25ರಂತೆ 30,000 ರೂಪಾಯಿ ಹೋಯಿತು.

ಮಾಲೀಕರು ಬಂದು ಮೇಲ್ ಪ್ರಿಂಟ್ ತೆಗೆಸಿದರು. ಕಟಿಂಗ್ ಟೇಬಲ್ ಮೇಲಿದ್ದ ಚಾಕ್ ತಗೊಂಡು ಆ ಪದಕ್ಕೆ ಒಂದು ಸುತ್ತು ಹಾಕಿ, ‘ಇದಕ್ಕೆ ಉತ್ತರ ಕಳಿಸಿ ಅಂತ ಅರ್ಥ ಕಣಪ್ಪಾ’ ಅಂದರು, ಅಷ್ಟೇ. ಬೈದಿದ್ದರೆ ಇಷ್ಟು ಸಂಕಟ ಆಗ್ತಿರಲಿಲ್ಲ. ಆದ್ರೆ ಡಿಕ್ಷನರಿಯಲ್ಲಿ ಇರೋದು ಬೇರೆ, ಮೇಲ್‌ನಲ್ಲಿ ಬರೆಯೋದು ಬೇರೆ ಆದ್ರೆ ನನ್ನಂಥವರು ಯಾವುದನ್ನ ನಂಬಬೇಕು? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಗಂಗಾವತಿ_ಸೋನಾ

ತಮ್ಮಾ, ಡಿಕ್ಷನರಿ ತಪ್ಪು ಹೇಳಿಲ್ಲ, ನಿಮ್ಮ ಮಾಲೀಕರೂ ತಪ್ಪು ಹೇಳಿಲ್ಲ. ‘ಉತ್ತರ ಕೊಡಿ’ ಅನ್ನೋ ಅರ್ಥ ನಮ್ಮ ದೇಶದ ಆಫೀಸುಗಳಲ್ಲಿ ಬೆಳೆದು ನಿಂತಿರೋದು. ಸಿಂಗಾಪುರ, ಮಲೇಷ್ಯಾ ಕಡೆಯವರೂ ಹೀಗೇ ಬರೀತಾರೆ. ನಾನು ಅಕ್ಕಿ ಮಿಲ್‌ನಲ್ಲಿ ಮೇಲ್ ನೋಡೋನು, ಸಿಂಗಾಪುರದ ಪಾರ್ಟಿ ಜೊತೆ ಈ ಪದದಿಂದ ಒಮ್ಮೆಯೂ ತೊಂದರೆ ಆಗಿಲ್ಲ. ಆದ್ರೆ ಅಮೆರಿಕದ ಒಬ್ಬರಿಗೆ ‘ವಿ ವಿಲ್ ರಿವರ್ಟ್ ಬೈ ಮಂಡೇ’ ಅಂತ ಬರೆದಾಗ ‘ರಿವರ್ಟ್ ಟು ವಾಟ್?’ ಅಂತ ಕೇಳಿದರು. ನಾವು ಸೋನಾ ಮಸೂರಿ ಬಿಟ್ಟು ಹಿಂದೆ ಕಳಿಸ್ತಿದ್ದ ಬೇರೆ ಅಕ್ಕಿ ಕಳಿಸ್ತೀವೇನೋ ಅಂತ ಅವರಿಗೆ ಅನುಮಾನ ಬಂದಿತ್ತು. ನಿಮಗಾದದ್ದೇ ಅವರಿಗೂ ಆಗಿದ್ದು ನೋಡಿ.

ಒಂದು ಗುರುತು ಹೇಳ್ತೀನಿ. ‘ಟು’ ಆದಮೇಲೆ ಮನುಷ್ಯರಿದ್ದರೆ ಉತ್ತರ. ವಸ್ತು, ರೇಟು, ಹಳೇ ಪದ್ಧತಿ ಇದ್ದರೆ ವಾಪಸ್ ಹೋಗೋದು.

ರಾಯಚೂರು_ಮೇಷ್ಟ್ರು

ಮೇಲಿನವರ ಗುರುತು ಬಹಳ ಕಡೆ ನಡೆಯುತ್ತೆ, ಎಲ್ಲಾ ಕಡೆ ಅಲ್ಲ. ‘ದಿ ಲ್ಯಾಂಡ್ ವಿಲ್ ರಿವರ್ಟ್ ಟು ದಿ ಓನರ್’ ಅಂತ ಲೀಸ್ ಪತ್ರದಲ್ಲಿ ಇರುತ್ತೆ. ಇಲ್ಲಿ ‘ಟು’ ಆದಮೇಲೆ ಮನುಷ್ಯನೇ ಇದ್ದಾನೆ, ಆದರೆ ಜಮೀನು ಯಾರಿಗೂ ಉತ್ತರ ಬರೆಯಲ್ಲ ಅಲ್ವಾ? ಗುತ್ತಿಗೆ ಮುಗಿದ ಮೇಲೆ ಮಾಲೀಕನ ಕೈಗೆ ವಾಪಸ್ ಬರುತ್ತೆ ಅಂತ ಅರ್ಥ. ಹಾಗಾಗಿ ಮೊದಲು ಕೆಲಸ ಮಾಡೋದು ಯಾರು ಅಂತ ನೋಡಿ, ‘ಟು’ ಆಮೇಲೆ.

ಪದದ ಬೇರು ಲ್ಯಾಟಿನ್. ‘ರೆ’ ಅಂದ್ರೆ ಮರಳಿ, ‘ವರ್ಟೆರೆ’ ಅಂದ್ರೆ ತಿರುಗು. ಬಿಟ್ಟುಹೋದ ವಿಷಯಕ್ಕೆ ಮತ್ತೆ ಬರುವಾಗಲೂ ಇದನ್ನ ಬಳಸೋದುಂಟು. ನಾವು ಮಾತಾಡುವಾಗ ‘ವಿಷಯಕ್ಕೆ ಬರೋಣ’ ಅಂತೀವಲ್ಲ, ಹಾಗೆ. ‘ನಿಮ್ಮ ಹತ್ರ ಮತ್ತೆ ಬರ್ತೀನಿ’ ಅನ್ನೋ ಮಾತು ‘ಉತ್ತರ ಕೊಡ್ತೀನಿ’ ಆಗೋಕೆ ಬಹಳ ದೂರ ಏನಿಲ್ಲ. ಅದಕ್ಕೇ ನಮ್ಮ ಬಳಕೆಯನ್ನ ತಪ್ಪು ಅಂತ ಹಳಿಯೋಕೆ ನನಗೆ ಮನಸ್ಸಿಲ್ಲ. ಹೊರದೇಶದವರಿಗೆ ಮಾತ್ರ ಸೀದಾ ‘ರಿಪ್ಲೈ’ ಅಂತ ಬರೀರಿ. ‘ರಿವರ್ಟ್ ಬ್ಯಾಕ್’ ಅಂತ ಯಾರಿಗೂ ಬರೀಬೇಡಿ. ‘ರೆ’ ಒಳಗೇ ‘ಬ್ಯಾಕ್’ ಇದೆ.

ಕಡತ_ಕೊಪ್ಪಳ

ಸರ್ಕಾರಿ ಕಚೇರಿಯಲ್ಲಿ ಇರೋಳಾಗಿ ಒಂದು ಮಾತು. ನಮ್ಮಲ್ಲಿ ಈ ಪದ ಕೇಳಿದರೆ ಎದೆ ಝಲ್ ಅನ್ನುತ್ತೆ. ‘ರಿವರ್ಟೆಡ್’ ಅಂದ್ರೆ ಬಡ್ತಿ ಹೋಗಿ ಹಳೇ ಹುದ್ದೆಗೆ ಇಳಿಸಿದ್ದಾರೆ ಅಂತ. ಕನ್ನಡದಲ್ಲಿ ಹಿಂಬಡ್ತಿ. 2017ರಲ್ಲಿ ಬಡ್ತಿ ಮೀಸಲಾತಿ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ನಮ್ಮ ರಾಜ್ಯದಲ್ಲಿ ಎಷ್ಟೋ ನೌಕರರ ಮನೆಯಲ್ಲಿ ಈ ಮಾತು ಓಡಾಡಿತ್ತು. ಹಾಗಾಗಿ ‘ಐ ವಾಸ್ ರಿವರ್ಟೆಡ್’ ಮತ್ತು ‘ಐ ರಿವರ್ಟೆಡ್ ಟು ಯುವರ್ ಮೇಲ್’ ಎರಡನ್ನೂ ಬೆರೆಸಬೇಡಿ ತಮ್ಮಾ. ಮೊದಲನೆಯದು ಹುದ್ದೆ ಹೋದ ಮಾತು.

ಲೆಕ್ಕದ_ಪುಸ್ತಕ

ಪದದ ಮಾತು ಸಾಕಷ್ಟಾಯಿತು, ದುಡ್ಡಿನ ಮಾತು ಯಾರೂ ಎತ್ತಿಲ್ಲ. ಆ 30,000 ಹೋಯಿತು ಅಂತ ಸುಮ್ನೆ ಕೂರಬೇಡಿ. ಬಿಲ್‌ನಲ್ಲಿ ಕಮ್ಮಿ ಹಾಕಿದ್ದರೆ ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಮಾಲು ಕೊಟ್ಟವರು ಡೆಬಿಟ್ ನೋಟ್ ಕೊಡಬಹುದು, ಅಂದ್ರೆ ಬಿಲ್‌ನಲ್ಲಿ ಕಮ್ಮಿ ಬಿದ್ದ ಮೊತ್ತಕ್ಕೆ ಆಮೇಲೆ ಕೊಡೋ ಚೀಟಿ. ಆದ್ರೆ ಅದಕ್ಕೆ ಮೊದಲು ಪಾರ್ಟಿ ಒಪ್ಪಬೇಕು. ಅವರ ಮೇಲ್‌ನಲ್ಲಿ ರೇಟ್ ಬೇಡ ಅಂತ ಎಲ್ಲೂ ಇಲ್ಲ, ವಾಷಿಂಗ್ ಸೇರಿದೆಯಾ ಅಂತ ಮಾತ್ರ ಕೇಳಿದ್ದಾರೆ. ಅದೇ ನಿಮ್ಮ ಆಧಾರ. ಆಗಿದ್ದು ಆಗಿದ್ದ ಹಾಗೆ ಬರೀರಿ, ಹಳೇ ಪಾರ್ಟಿ ಆದರೆ ಖಂಡಿತ ಕೇಳಿಸಿಕೊಳ್ತಾರೆ. ಡೆಬಿಟ್ ನೋಟ್‌ನಲ್ಲಿ ಹಳೇ ಬಿಲ್ ನಂಬರ್, ತಾರೀಖು ಹಾಕೋದು ಮರೀಬೇಡಿ.

ಡೆನಿಮ್_ಬಳ್ಳಾರಿ

ಎಲ್ಲರಿಗೂ ಕೈ ಮುಗಿದೆ. ಲೀಸ್ ಜಮೀನಿನ ಉದಾಹರಣೆ ಓದಿದಾಗ ಒಂದೇ ಸಲಕ್ಕೆ ತಲೆಗೆ ಹತ್ತಿತು ಮೇಷ್ಟ್ರೇ. ಅಕ್ಕಾ, ನೀವು ಹೇಳಿದ ಹಿಂಬಡ್ತಿ ಪದ ಪೇಪರ್‌ನಲ್ಲಿ ನೋಡಿದ್ದೆ, ಇದೇ ಇಂಗ್ಲಿಷ್ ಪದ ಅಂತ ಗೊತ್ತಿರಲಿಲ್ಲ.

ಮಾಲೀಕರಿಗೆ ಡೆಬಿಟ್ ನೋಟ್ ವಿಷಯ ಹೇಳಿದೆ, ‘ನೀನೇ ಬರಿ’ ಅಂದರು. ‘ಐ ಮಿಸ್‌ಅಂಡರ್‌ಸ್ಟುಡ್ ಯುವರ್ ಮೇಲ್ ಅಂಡ್ ಬಿಲ್ಡ್ ಅಟ್ ದಿ ಓಲ್ಡ್ ರೇಟ್. ವಾಷಿಂಗ್ ಈಸ್ ಇನ್‌ಕ್ಲೂಡೆಡ್ ಇನ್ 385. ಪ್ಲೀಸ್ ಕನ್ಫರ್ಮ್, ಸೋ ದಟ್ ವಿ ಕ್ಯಾನ್ ಸೆಂಡ್ ಎ ಡೆಬಿಟ್ ನೋಟ್’ ಅಂತ ಬರೆದು ಮೂರು ಸಲ ಓದಿ ಕಳಿಸಿದೆ. ಮಧ್ಯಾಹ್ನ ಉತ್ತರ ಬಂತು: ‘ವಿಲ್ ಚೆಕ್ ವಿತ್ ಅಕೌಂಟ್ಸ್ ಅಂಡ್ ರಿವರ್ಟ್.’ ಗುರುವಾರದವರೆಗೆ ಕಾಯ್ತೀನಿ, ಆಮೇಲೆ ಫೋನ್ ಮಾಡ್ತೀನಿ.